ಟಗರು ಕುಡಿದ ನೀರು

ನಮ್ಮಪ್ಪ ನನ್ನನ್ನು ಹೊಡೆದದ್ದೆಲ್ಲ ನೀರಿನ ಸಲುವಾಗಿ. ಓದಲಿಲ್ಲ ಎಂದು ಹೊಡೆದವನಲ್ಲ, ಎದುರು ಮಾತಾಡಿದೆ ಎಂದು ಹೊಡೆದವನಲ್ಲ. ಎದುರು ಮಾತಾಡಿದರೆ ಮೀಸೆಯೊಳಗೇ ನಕ್ಕು, "ಇದು ನನ್ನ ಮಗಳು ಅನ್ನಾಕೆ ಬೇರೆ ಸಾಕ್ಷಿ ಬ್ಯಾಡ" ಎನ್ನುತ್ತಿದ್ದ. ಆದರೆ ಕುರಿ ಕುಡಿದು ನೋಡದ ನೀರಿಗೆ ಯಾರಾದರೂ ಇಳಿದರೋ, ಮುಗಿಯಿತು. ಲಕ್ಕಿ ಗಿಡದ ಬರಲು ಮುರಿಯುವ ತನಕ ಹೊಡೆಯುವುದು ಬಿಡುತ್ತಿರಲಿಲ್ಲ. ನನ್ನ ಎಡ ಮುಂಗೈ ಮೇಲೆ ಇವತ್ತಿಗೂ ಒಂದು ಗೆರೆ ಇದೆ. ನಾನು ಚಿತ್ರದುರ್ಗ–ಹಿರಿಯೂರು ಬಸ್ಸಿನಲ್ಲಿ ಕಂಡಕ್ಟರ್. ಟಿಕೆಟ್ ಕೊಡಲು ಕೈ ಚಾಚಿದಾಗ ಯಾರಾದರೂ ಹೆಂಗಸು ಅದನ್ನು ನೋಡಿ, "ಒಲೆ ತಾಗಿತ್ತೇನ್ರಿ?" ಎಂದು ಮರುಗುತ್ತಾಳೆ. "ಇಲ್ಲ ಕಣ್ರಿ, ಈಜು ಕಲ್ತಿದ್ದು" ಎನ್ನುತ್ತೇನೆ. ಅವಳಿಗೆ ಅರ್ಥವಾಗುವುದಿಲ್ಲ. ಅರ್ಥ ಮಾಡಿಸುವಷ್ಟು ಪುರಸೊತ್ತು ನನಗೂ ಇರುವುದಿಲ್ಲ.

ನಮ್ಮೂರು ಮತ್ತೋಡಿನ ಕಡೆ. ಊರ ಪಕ್ಕದ ಹಳ್ಳಕ್ಕೆ ಒಂದು ಚೆಕ್ ಡ್ಯಾಮ್ ಕಟ್ಟಿದ್ದಾರೆ. ಅದರ ಹಿಂದೆ ನೀರು ನಿಲ್ಲುವ ಗುಂಡಿಗೆ ನಾವು ಮಡು ಎನ್ನುತ್ತೇವೆ. ಮಳೆಗಾಲದಲ್ಲಿ ಆಳುದ್ದ ನೀರು, ಬೇಸಿಗೆಯಲ್ಲಿ ಸೊಂಟದ ಮಟ್ಟ. ಊರಿನ ಮಕ್ಕಳೆಲ್ಲ ಈಜು ಕಲಿಯುವುದು ಅಲ್ಲೇ, ಕುರಿ ಸಾಕಿದ ನಮ್ಮಂಥವರು ಕುರಿಯ ಮೈ ತೊಳೆಯುವುದೂ ಅಲ್ಲೇ. ತುಪ್ಪಟ ಕತ್ತರಿಸುವ ಮೊದಲು ಕುರಿಯನ್ನು ನೀರಿಗೆ ಹಾಕಿ ತಿಕ್ಕಲೇಬೇಕು. ಇಲ್ಲದಿದ್ದರೆ ಮಣ್ಣು ಕಚ್ಚಿದ ಆ ಉಣ್ಣೆಯೊಳಗೆ ಕತ್ತರಿ ಓಡುವುದಿಲ್ಲ.

ನೀರು ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವ ಅಧಿಕಾರ ನಮ್ಮಲ್ಲಿ ಇದ್ದದ್ದು ಹಿಂಡಿನ ಮುಂದಿನ ಟಗರಿಗೆ. ಅಪ್ಪ ಅದನ್ನು ಒಂಟಿಯಾಗಿ ದಂಡೆಗೆ ಬಿಡುತ್ತಿದ್ದ. ಅದು ಮೂಸುತ್ತಿತ್ತು. ಮೂಸಿ ತಲೆ ಒದರಿಕೊಂಡು ಹಿಂದೆ ಬಂದರೆ ಅವತ್ತು ಮಡು ಬಂದ್. ಕುಡಿದರೆ ಅದರ ಹಿಂದೆ ಕುರಿಗಳು, ಕುರಿಗಳ ಹಿಂದೆ ಅಪ್ಪ, ಅಪ್ಪನ ಹಿಂದೆ ನಾವು. ಊರಿನ ಹೆಂಗಸರು ಕೂಡ, "ಟಗರು ಕುಡೀತೇನ್ರೋ?" ಎಂದು ಕೇಳಿಕೊಂಡೇ ತಮ್ಮ ಮಕ್ಕಳನ್ನು ಈಜಲು ಕಳಿಸುತ್ತಿದ್ದರು.

ಒಂದು ಸಲ ಟಗರು ಮೂಸಿ ಹಿಂದೆ ಬಂತು. ನೀರು ನೋಡಿದರೆ ತಿಳಿಯಾಗಿತ್ತು. ಹೊಳಲ್ಕೆರೆ ಕಡೆಯಿಂದ ನೆಂಟರ ಮನೆಗೆ ಬಂದಿದ್ದ ಗಂಡಸೊಬ್ಬ, "ಹರಿಯೋ ನೀರಿಗೆ ದೊಣ್ಣೆನಾಯ್ಕನ ಅಪ್ಪಣೆ ಬೇರೆ ಕೇಡು" ಎಂದವನೇ ಅಂಗಿ ಬಿಚ್ಚಿ ಹಾರಿದ. ಅಪ್ಪ ಹಿಂದೆಯೇ ಇಳಿದು ಅವನ ಜುಟ್ಟು ಹಿಡಿದು ದಂಡೆಗೆ ಎಳೆದು ಹಾಕಿದ. ಇಬ್ಬರೂ ಕೆಸರಿನಲ್ಲಿ ಹೊರಳಾಡಿ ಹೊಡೆದಾಡಿದರು. ಆ ಮನುಷ್ಯ ಅಪ್ಪನ ಕಿವಿ ಹರಿದ, ಅಪ್ಪ ಅವನ ಹಲ್ಲು ಉದುರಿಸಿದ. ಆಮೇಲೆ ಮೇಲುಗಡೆ ಹಳ್ಳದ ಪೊದೆಯಲ್ಲಿ ಸತ್ತು ಊದಿಕೊಂಡ ಎಮ್ಮೆ ಸಿಕ್ಕಿತು. ಊರಿನವರು ಅಪ್ಪನನ್ನು ಹೊಗಳಿದ್ದೇ ಹೊಗಳಿದ್ದು. ಅಪ್ಪ ಮಾತ್ರ ಹರಿದ ಕಿವಿಗೆ ಅರಿಶಿನ ಮೆತ್ತಿಕೊಂಡು, "ನನ್ನ ಯಾಕ್ರೋ ಹೊಗಳ್ತೀರ, ಟಗರಿಗೆ ಒಂದ್ ಹಿಡಿ ಜೋಳ ಹಾಕ್ರಿ" ಎಂದ.

ಅಪ್ಪ ಸತ್ತ ಮೇಲೆ ಅಣ್ಣನ ಪಾಲಿಗೆ ಹಿಂಡು ಬಂತು, ಈ ನಿಯಮ ಬಂತು, ಸಿಟ್ಟು ಬಂತು. ನನ್ನ ಪಾಲಿಗೆ ಬಂದದ್ದು ಸಿಟ್ಟು ಒಂದೇ. ನನ್ನ ಸಿಟ್ಟು ಬಾಯಲ್ಲಿ, ಚಿಲ್ಲರೆ ಇಲ್ಲದವರ ಮೇಲೆ ಕಿರುಚಿದರೆ ಇಳಿದುಹೋಗುತ್ತದೆ. ಅವನದು ಕೈಯಲ್ಲಿ. ಅವನನ್ನು ಮದುವೆಯಾಗಿ ಬಂದವಳು ಆ ಕೈ ನೋಡಿ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಬರದೇ ಇದ್ದದ್ದೇ ಸರಿ ಎಂದು ನಾನು ಅವನ ಮುಖಕ್ಕೇ ಹೇಳಿದ್ದೇನೆ. ಅದಾದ ಮೇಲೆ ಕುರಿ ಮೇಯಿಸುವ ಜಗಳದಲ್ಲಿ ಒಬ್ಬನ ತೋಳು ಮುರಿದ. ಹೊಸದುರ್ಗದ ಕೋರ್ಟಿನಲ್ಲಿ ಕೇಸಾಯಿತು, ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಲಾಯರು ನಮ್ಮವ್ವನ ಎದುರಿಗೇ ಹೇಳಿದರು: "ಇನ್ನೊಂದು ಸಲ ಯಾರ ಮೇಲಾದ್ರೂ ಕೈ ಎತ್ತಿದ ಅಂದ್ರೆ ಒಳಗೇ. ಆಗ ನನ್ನ ಹತ್ರ ಬರಬೇಡಿ."

ಅವತ್ತಿನಿಂದ ಅಣ್ಣ ಊರಲ್ಲಿ ನಡೆಯುವಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದ. ಯಾರಾದರೂ ಕೆಣಕಿದರೆ ತುಟಿ ಕಚ್ಚಿಕೊಂಡು ಮನೆಗೆ ಬಂದು ಹುಲ್ಲಿನ ಬಣವೆಗೆ ಗುದ್ದುತ್ತಿದ್ದ. ಅವನು ಒಳಗೆ ಹೋದರೆ ನಮ್ಮವ್ವನನ್ನು ನೋಡುವವರಿಲ್ಲ, ಹಿಂಡಿನ ಹಿಂದೆ ಹೋಗುವವರೂ ಇಲ್ಲ. ಹಿಂಡು ಇಲ್ಲದೆ ಅವನು ಬದುಕುವುದೂ ಇಲ್ಲ. ನಮ್ಮವ್ವ ದಿನಾ ಬೆಳಿಗ್ಗೆ ಅವನಿಗೆ ಮುದ್ದೆ ಕಟ್ಟಿ ಕೊಡುವಾಗ ಒಂದೇ ಮಾತು ಹೇಳುತ್ತಿದ್ದಳು: "ಕ್ವಾಪದಾಗೆ ಕುಯ್ದ ಮೂಗು ಶಾಂತ ಆದ್ಮ್ಯಾಲೆ ಬರಲ್ಲ ಕಣಪ್ಪ." ಅವನು ಹೂಂ ಎನ್ನುತ್ತಿದ್ದ.

ಈ ಬೇಸಿಗೆ ರಜೆಯಲ್ಲಿ ಭರಣಿ ಮಳೆ ಚೆನ್ನಾಗಿ ಬಿತ್ತು. ಮಡು ತುಂಬಿದೆ, ನಾಳೆ ಕುರಿ ಮೈ ತೊಳೆಯುತ್ತೇನೆ ಎಂದು ಅಣ್ಣ ಫೋನ್ ಮಾಡಿದ. ನಾನು ಡ್ಯೂಟಿಗೆ ರಜೆ ಹಾಕಿ ಮಗಳನ್ನು ಕರೆದುಕೊಂಡು ಹೋದೆ. ಮಗಳು ಹೈಸ್ಕೂಲು. ದುರ್ಗದ ಈಜುಕೊಳದಲ್ಲಿ ಎರಡು ಬೇಸಿಗೆಯಿಂದ ಈಜು ಕಲಿಯುತ್ತಿದ್ದಾಳೆ. ಅಲ್ಲಿ ಮೇಷ್ಟ್ರು ದಿನಾ ಬೆಳಿಗ್ಗೆ ಒಂದು ಕಾಗದದ ಪಟ್ಟಿಯನ್ನು ನೀರಿಗೆ ಅದ್ದಿ, ಅದರ ಬಣ್ಣ ನೋಡಿದ ಮೇಲೇ ಮಕ್ಕಳನ್ನು ಇಳಿಸುತ್ತಾರೆ. ಇವಳು ಅವರನ್ನು ಕಾಡಿ ಬೇಡಿ ಅಂಥ ಕೆಲವು ಪಟ್ಟಿಗಳನ್ನು ಒಂದು ಡಬ್ಬಿಯಲ್ಲಿ ಹಾಕಿಸಿಕೊಂಡು ಬಂದಿದ್ದಳು.

ಮಡುವಿನ ದಂಡೆಯಲ್ಲಿ ಅವಳು ಡಬ್ಬಿ ತೆಗೆದದ್ದೇ ಅಣ್ಣ ಕಣ್ಣು ಕಿರಿದು ಮಾಡಿದ.

"ಏನವ್ವ ಅದು, ನಿಮ್ಮವ್ವ ಹರ್ದು ಕೊಡೋ ಟಿಕೀಟಾ?"

"ಅಲ್ಲ ಮಾವ. ಇದನ್ನ ನೀರಿಗೆ ಅದ್ದಿದ್ರೆ ಬಣ್ಣ ಬದಲಾಗುತ್ತೆ. ಆಸಿಡ್ ಇದ್ರೆ ಗೊತ್ತಾಗುತ್ತೆ."

"ಹಂಗಾದ್ರೆ ಟಗರನ್ನ ಸಂತೆಗೆ ಹೊಡೆದು ಬಿಡಾಣ ಬಿಡು. ಇನ್ನೇನು ಕೆಲ್ಸ ಐತೆ ಅದುಕ್ಕೆ?"

"ಟಗರಿಗೆ ಆಸಿಡ್ ಗೊತ್ತಾಗುತ್ತಾ ಮಾವ?"

"ಅದುಕ್ಕೆ ಎಲ್ಲಾನೂ ಗೊತ್ತಾಗ್ತೈತೆ. ತಿಳೀದೇ ಇರೋದು ಅಂದ್ರೆ ನಿಮ್ಮವ್ವ ಯಾವಾಗ ಬಾಯಿ ಮುಚ್ತಾಳೆ ಅನ್ನೋದೊಂದೇ."

ನಾನು ಕೈಗೆ ಸಿಕ್ಕ ಕೆಸರು ಎತ್ತಿ ಅವನ ಬೆನ್ನಿಗೆ ಹೊಡೆದೆ. ಅವನು ನಕ್ಕ. ಅವನು ನಗುವುದೇ ಅಪರೂಪ. ಸೋದರ ಸೊಸೆಯ ಎದುರು ಮಾತ್ರ ಹೀಗೆ ಹಲ್ಲು ಬಿಡುತ್ತಾನೆ.

ಮಗಳು ಪಟ್ಟಿ ಅದ್ದಿ ಡಬ್ಬಿಯ ಮೇಲಿನ ಬಣ್ಣಗಳ ಪಕ್ಕ ಹಿಡಿದಳು. ಸರಿಯಾಗಿದೆ ಎಂದಳು. "ತಡಿ, ಇನ್ನೂ ದೊಡ್ಡ ಡಾಕ್ಟ್ರು ನೋಡಿಲ್ಲ" ಎಂದು ಅಣ್ಣ ಟಗರಿನ ಕೊರಳ ಹಗ್ಗ ಬಿಚ್ಚಿದ. ಟಗರು ನಾವು ನಿಂತಲ್ಲಿ ಕುಡಿಯಲಿಲ್ಲ. ಮೂಸುತ್ತ ಮೂಸುತ್ತ ದಂಡೆ ಹಿಡಿದು ಮೇಲಿನ ಮೂಲೆಗೆ ಹೋಯಿತು. ಅಲ್ಲಿ ದಾಳಿಂಬೆ ತೋಟದ ಬೇಲಿ ಮಡುವಿಗೆ ತಾಗುತ್ತದೆ, ಬೇಲಿಯಾಚೆ ಪಂಪ್ ಮನೆ ಇದೆ. ಆ ಮೂಲೆಯಲ್ಲಿ ಟಗರು ಮೂತಿ ಇಟ್ಟಿತು. ಕುಡಿಯಿತು. ಕುಡಿಯುತ್ತಲೇ ಇತ್ತು.

"ನೋಡವ್ವ ನೋಡು, ಅಮೃತ ಸಿಕ್ದಂಗೆ ಕುಡೀತೈತೆ" ಎಂದು ಅಣ್ಣ ಎದೆ ಉಬ್ಬಿಸಿದ. ಹಿಂಡನ್ನು ಬಿಟ್ಟ. ಕುರಿಗಳು ಟಗರಿನ ಪಕ್ಕಕ್ಕೆ ನುಗ್ಗಿ, ಒಂದರ ಮೇಲೊಂದು ಬಿದ್ದು ಅದೇ ಮೂಲೆಯ ನೀರಿಗೆ ಬಾಯಿ ಹಾಕಿದವು. ಹಿಂದಿನವು ಮುಂದಿನವನ್ನು ಗುದ್ದಿ ಸರಿಸುತ್ತಿದ್ದವು. ಮಗಳು ಕಟ್ಟೆಯ ಮೇಲಿನಿಂದ ಹಾರಿದಳು. ನಾನೂ ಚೂಡಿದಾರದಲ್ಲೇ ಇಳಿದೆ. ಎಷ್ಟೋ ವರ್ಷದ ಮೇಲೆ ಆ ನೀರು ಮೈಗೆ ಸೋಕಿತು. ಎಂಥಾ ಖುಷಿ! ಮಗಳು ಮುಳುಗಿ ನನ್ನ ಕಾಲು ಎಳೆದಳು, ನಾನು ಅವಳ ಜಡೆ ಹಿಡಿದು ಮುಳುಗಿಸಿದೆ. ಇಬ್ಬರೂ ನೀರು ಕುಡಿದು ಕೆಮ್ಮಿ ನಕ್ಕೆವು.

ಅಣ್ಣ ಒಂದೊಂದೇ ಕುರಿಯನ್ನು ನೀರಿಗೆ ಎತ್ತಿ ಹಾಕಿ, ಬೆನ್ನು ಹೊಟ್ಟೆ ತಿಕ್ಕಿ, ನನ್ನ ಕಡೆ ತಳ್ಳುತ್ತಿದ್ದ. ನಾನು ಅದನ್ನು ಆಚೆ ದಂಡೆಗೆ ಹತ್ತಿಸುತ್ತಿದ್ದೆ. ಸುಮಾರು ಕುರಿ ಮುಗಿದಿದ್ದವು. ಆಗ ಮಗಳು ಕೂಗಿದಳು: "ಅಮ್ಮಾ, ಟಗರು ನೋಡು, ಏನೋ ಆಗ್ತಿದೆ!"

ಟಗರಿನ ತುಟಿಗಳು ಅದುರುತ್ತಿದ್ದವು. ಹಲ್ಲು ಕಡಿಯುವ ಸದ್ದು ನಾನಿದ್ದಲ್ಲಿಗೇ ಕೇಳಿಸಿತು. ನಾಲ್ಕೂ ಕಾಲು ನಡುಗಿ, ಒಮ್ಮೆಗೇ ಸಿಡಿದು ಬಿದ್ದು, ಮತ್ತೆ ಎದ್ದು ಬಂಡೆಗೆ ತಲೆ ಗುದ್ದಿಕೊಂಡಿತು. ಆಮೇಲೆ ಅದರ ಪಕ್ಕದ ಕುರಿ. ಅದರಾಚೆ ಇನ್ನೊಂದು. ಹೊಟ್ಟೆ ಉಬ್ಬುತ್ತಿದ್ದವು, ಬಾಯಿಂದ ನೊರೆ. ಕುರಿ ಮೆಲ್ಲಗೆ ಸಾಯುವ ಪ್ರಾಣಿ ಎಂದು ನಾನು ತಿಳಿದಿದ್ದೆ. ಇಲ್ಲ. ಅವು ಅರಚುತ್ತ, ಒದೆಯುತ್ತ, ತಮ್ಮ ಮರಿಗಳನ್ನೇ ತುಳಿಯುತ್ತ ಬಿದ್ದವು. ನೀರಿನಲ್ಲಿದ್ದ ಒಂದು ಕುರಿ ಅಣ್ಣನ ತೋಳಿನಲ್ಲೇ ಸೆಟೆದುಕೊಂಡು ಅವನ ಮುಖಕ್ಕೆ ಒದೆಯಿತು. ಅವನ ಮೂಗಿನಿಂದ ರಕ್ತ ಬಂತು. ಅವನಿಗೆ ಗೊತ್ತೇ ಆಗಲಿಲ್ಲ.

ನಾನು ಮಗಳನ್ನು ಕೂದಲು ಹಿಡಿದೇ ದಂಡೆಗೆ ಎಳೆದೆ. ಬಾಯೊಳಗೆ ಬೆರಳು ತುರುಕಿ ವಾಂತಿ ಮಾಡಿಸಿದೆ. ಅವಳು ನನ್ನ ಕೈ ಕಚ್ಚಿದಳು, ಆದರೂ ಬಿಡಲಿಲ್ಲ. ಕುಡಿದ ನೀರೆಲ್ಲ ಬಂತು. ಅವಳು ಅಳುತ್ತ, "ಪಟ್ಟಿ ಸರಿ ತೋರಿಸ್ತಮ್ಮಾ, ನಿಜವಾಗ್ಲೂ ಸರಿ ತೋರಿಸ್ತು" ಎನ್ನುತ್ತಿದ್ದಳು. "ಪಟ್ಟಿಗೆ ಬೆಂಕಿ ಬೀಳಲಿ" ಎಂದು ಕಿರುಚಿದೆ. ನನ್ನ ಹೊಟ್ಟೆಯೊಳಗೂ ಅದೇ ನೀರಿದೆ ಎಂಬುದು ನೆನಪಾದದ್ದು ಆಮೇಲೆ.

ಅಣ್ಣ ಮೇಲಿನ ಮೂಲೆಗೆ ಓಡಿದ. ಬೇಲಿಯಾಚೆ, ಪಂಪ್ ಮನೆಯ ಪಕ್ಕದಲ್ಲಿ ಒಂದು ಗುಂಡಿ. ತೋಟದ ಯಜಮಾನ ಅದರಲ್ಲಿ ಯೂರಿಯಾ ಕರಗಿಸಿ, ಡ್ರಿಪ್ ಪೈಪಿಗೆ ಬಿಡುತ್ತಿದ್ದ. ಭರಣಿ ಮಳೆಗೆ ಗುಂಡಿಯ ಏರಿ ಒಡೆದು, ಗೊಬ್ಬರದ ನೀರೆಲ್ಲ ಸಣ್ಣ ಕಾಲುವೆ ಮಾಡಿಕೊಂಡು ಮಡುವಿನ ಆ ಮೂಲೆಗೆ ಇಳಿದಿತ್ತು. ಖಾಲಿ ಚೀಲಗಳು ಅಲ್ಲೇ ಬಿದ್ದಿದ್ದವು. ಅಣ್ಣ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡು ಉಗಿದ.

"ಉಪ್ಪುಪ್ಪು" ಎಂದ.

ಅಷ್ಟೇ ಸಾಕಾಗಿತ್ತು ನನಗೂ. ಕುರಿ ಉಪ್ಪಿಗೆ ಪ್ರಾಣ ಬಿಡುತ್ತದೆ. ನಾವೇ ಅಂಗೈಯಲ್ಲಿ ಉಪ್ಪು ಹಿಡಿದು ನೆಕ್ಕಿಸಿ ಬೆಳೆಸಿದ್ದೇವೆ. ಟಗರು ಆ ಮೂಲೆ ಹುಡುಕಿಕೊಂಡು ಹೋದದ್ದು ನೀರು ಒಳ್ಳೆಯದು ಎಂದಲ್ಲ, ರುಚಿ ಹತ್ತಿ.

ಸರಿಯಾಗಿ ಅದೇ ಹೊತ್ತಿಗೆ ತೋಟದ ಯಜಮಾನ ಬೈಕಿನಲ್ಲಿ ಬಂದ. ನಮ್ಮಪ್ಪನಿಗಿಂತ ಸ್ವಲ್ಪ ಚಿಕ್ಕ ವಯಸ್ಸಿನ ಮನುಷ್ಯ, ಮೆತ್ತಗೆ ಮಾತಾಡುವವನು. ಅವನ ಮೊಮ್ಮಕ್ಕಳು ಈಜಿದ್ದೂ ಇದೇ ಮಡುವಿನಲ್ಲಿ. "ಏನಪ್ಪಾ, ಏನಾಯ್ತು ಕುರಿಗೆ?" ಎಂದು ಬೈಕಿನಿಂದ ಇಳಿಯುತ್ತಿದ್ದ. ಇಳಿಯಲು ಅಣ್ಣ ಬಿಡಲಿಲ್ಲ.

ಬೆನ್ನ ಹಿಂದೆ ಕಟ್ಟಿಕೊಂಡು ತಿರುಗಿದ್ದ ಆ ಕೈಗಳು ಒಮ್ಮೆಗೇ ಬಿಚ್ಚಿದವು. ಬೈಕು ಒಂದು ಕಡೆ, ಯಜಮಾನ ಒಂದು ಕಡೆ. ಎದೆಯ ಮೇಲೆ ಕುಂತು ಮುಖಕ್ಕೆ ಗುದ್ದಿದ, ಮತ್ತೆ ಗುದ್ದಿದ. "ಮಳೆ ಬಂತಪ್ಪಾ, ಏರಿ ಒಡ್ದಿದ್ದು ನಾನು ನೋಡಿಲ್ಲಪ್ಪಾ" ಎಂದು ಆ ಮನುಷ್ಯ ರಕ್ತ ಉಗುಳುತ್ತ ಹೇಳುತ್ತಿದ್ದ. "ಲೇ, ನನ್ನ ಮಕ್ಕಳನ್ನ ಕೊಂದ್ಯಲ್ಲಲೇ" ಎಂದು ಅಣ್ಣ ಹೊಡೆಯುತ್ತಿದ್ದ. ಮನೆಯಲ್ಲಿ ಮಕ್ಕಳಿಲ್ಲದ ಅವನು ಕುರಿಗಳನ್ನು ಹಾಗೆ ಕರೆದದ್ದು ನಾನು ಅವತ್ತೇ ಕೇಳಿದ್ದು. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ಬೈಕ್ ನಿಲ್ಲಿಸಿ, ಹತ್ತಿರ ಬರುವುದು ಬಿಟ್ಟು, ಮೊಬೈಲ್ ಹಿಡಿದರು.

ನಿಜ ಹೇಳುತ್ತೇನೆ. ಮೊದಲು ನನಗೆ ಬಿಡಿಸಬೇಕು ಎನ್ನಿಸಲಿಲ್ಲ. ಹೊಡಿ ಎನ್ನಿಸಿತು. ನನ್ನ ಮಗಳು ಆ ನೀರು ಕುಡಿದು ದಂಡೆಯಲ್ಲಿ ನಡುಗುತ್ತಿದ್ದಳು. ಆದರೆ ಅಣ್ಣನ ಬಲಗೈ ಸೊಂಟದ ಮಚ್ಚಿಗೆ ಹೋಯಿತು. ಕುರಿಗೆ ಸೊಪ್ಪು ಕಡಿದು ಹಾಕುವ ಮಚ್ಚು ಅದು. ಅದು ಮೇಲೆ ಎದ್ದದ್ದು ಕಂಡಾಗ ನನ್ನ ಕಣ್ಣಿಗೆ ಯಜಮಾನ ಕಾಣಲಿಲ್ಲ. ಅಣ್ಣ ಕಂಡ, ಮನೆಯಲ್ಲಿ ಒಬ್ಬಳೇ ಕುಂತ ಅವ್ವ ಕಂಡಳು.

ಓಡಿ ಹೋಗಿ ಅವನ ಮಣಿಕಟ್ಟಿಗೆ ಬಾಯಿ ಹಾಕಿದೆ. ಹಲ್ಲು ಮೂಳೆಗೆ ತಾಗಿತು. ಅವನು ಎಡಗೈಯಿಂದ ನನ್ನ ಕಪಾಳಕ್ಕೆ ಬಾರಿಸಿದ. ಕಿವಿ ಗುಂಯ್ ಎಂದಿತು. ಬಿಡಲಿಲ್ಲ. ಮಚ್ಚು ಬಿತ್ತು, ಅದನ್ನು ಕಾಲಿನಿಂದ ಮಡುವಿಗೆ ಒದ್ದೆ. ಆಮೇಲೆ ಅವನ ತಲೆಗೂದಲು ಎರಡೂ ಕೈಯಲ್ಲಿ ಹಿಡಿದು ಮುಖವನ್ನು ಕುರಿಗಳ ಕಡೆ ತಿರುಗಿಸಿದೆ.

"ಹೊಡಿಯಾದು ನಾಳೆನೂ ಹೊಡೀಬೋದು ಕಣೋ! ಅವು ಇವತ್ತೇ ಸಾಯ್ತಾವೆ! ಇನ್ನೂ ಉಸಿರು ಐತೆ, ನೋಡಲೇ ಅಲ್ಲಿ!"

ಅವನು ನೋಡಿದ. ಬಾಯಿ ತೆರೆದುಕೊಂಡು ನನ್ನನ್ನೂ ನೋಡಿದ. ಯಜಮಾನನ ಎದೆಯಿಂದ ಎದ್ದ.

ಹೊಸದುರ್ಗದ ದನದ ಡಾಕ್ಟರಿಗೆ ನಾನೇ ಫೋನ್ ಮಾಡಿದೆ. ಯೂರಿಯಾ ಎಂದ ಕೂಡಲೇ ಅವರು, "ಹುಳಿ ಕುಡಿಸಿ, ಏನಾದ್ರೂ ಹುಳಿ, ತಣ್ಣೀರಲ್ಲಿ ಕದಡಿ ಜಾಸ್ತಿ ಕುಡಿಸಿ, ನಾನು ಹೊರಟೆ" ಎಂದರು. ಮನುಷ್ಯರು ಕುಡಿದಿದ್ದೇವೆ ಎಂದೆ. ಗೊಬ್ಬರ ಇಳಿದ ಮೂಲೆಯಿಂದ ದೂರದಲ್ಲಿ ಒಂದು ಗುಟುಕು ಕುಡಿದದ್ದಕ್ಕೆ ಏನೂ ಆಗಲಿಕ್ಕಿಲ್ಲ, ಆದರೂ ಆಸ್ಪತ್ರೆಗೆ ತೋರಿಸಿ ಎಂದರು. ಮಗಳು ಅಷ್ಟು ಕೇಳಿದವಳೇ ಎದ್ದು ಊರ ಕಡೆ ಓಡಿದಳು, ಅಜ್ಜಿಗೆ ಹೇಳಲು.

ಹುಣಸೆಹಣ್ಣು ಹತ್ತಿರದಲ್ಲಿ ಇದ್ದದ್ದು ತೋಟದ ಮನೆಯಲ್ಲೇ. ಯಜಮಾನ ಎದ್ದು, ಒಂದು ಕಣ್ಣು ಮುಚ್ಚಿಹೋಗಿದೆ, ಹಣೆ ಸೀಳಿ ರಕ್ತ ಕತ್ತಿನ ತನಕ ಇಳಿದಿದೆ, ಯಾರೂ ಕೇಳದಿದ್ದರೂ ಒಳಗೆ ಹೋಗಿ ಹುಣಸೆಹಣ್ಣಿನ ಮಡಕೆಯನ್ನೇ ಹೊತ್ತು ತಂದ. ಬಕೆಟ್ಟಿಗೆ ಬೋರಿನ ನೀರು ಬಿಟ್ಟು, ಹಣ್ಣು ಹಾಕಿ ಕಿವುಚಿದ. ಕುರಿಯ ದವಡೆ ಅಗಲಿಸಿ ಹಿಡಿಯುವುದು ಅಣ್ಣ, ಬಾಟಲಿಯಿಂದ ಗಂಟಲಿಗೆ ಹೊಯ್ಯುವುದು ಯಜಮಾನ, ಒದೆಯುವ ಕಾಲುಗಳ ಮೇಲೆ ಕೂರುವುದು ನಾನು. ಕುರಿ ಕಚ್ಚಿತು, ಒದೆಯಿತು, ಕುಡಿಸಿದ್ದನ್ನು ನಮ್ಮ ಮೇಲೇ ಉಗಿಯಿತು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೂರನೆಯದು ಕಣ್ಣು ಮೇಲೆ ಮಾಡಿರುತ್ತಿತ್ತು. ಯಾವುದನ್ನು ಬಿಡುವುದು, ಯಾವುದನ್ನು ಹಿಡಿಯುವುದು ಎಂದು ಅಣ್ಣ ಬರೀ ಗದ್ದದಲ್ಲಿ ತೋರಿಸುತ್ತಿದ್ದ. ಟಗರಿನ ಕಡೆ ನಾನು ಕೈ ತೋರಿಸಿದೆ. ಅವನು ಬೇಡ ಎಂದು ತಲೆ ಅಲ್ಲಾಡಿಸಿದ. ಅದು ಎಲ್ಲಕ್ಕಿಂತ ಹೆಚ್ಚು ಕುಡಿದಿತ್ತು, ಅದಕ್ಕೆ ಕೊಟ್ಟರೆ ಹುಳಿ ದಂಡ ಎಂದು ಅವನಿಗೆ ಗೊತ್ತಾಗಿತ್ತು. ಅದು ಕಾಲು ಕೆರೆಯುತ್ತ ಕೆರೆಯುತ್ತ ಅವನ ಹಿಂದೆಯೇ ಸತ್ತಿತು. ಅವನು ತಿರುಗಿ ನೋಡಲಿಲ್ಲ.

ಅವ್ವ ಬಂದಳು. ಬಂದವಳೇ ಸೆರಗು ಸಿಗಿಸಿ ಇನ್ನೊಂದು ಬಕೆಟ್ ಕದಡಿದಳು. ಡಾಕ್ಟರು ಬಂದು ಸೂಜಿ ಚುಚ್ಚಿದರು, ಉಬ್ಬಿದ ಹೊಟ್ಟೆಗಳ ಗಾಳಿ ತೆಗೆದರು. ಎಲ್ಲ ಮುಗಿದಾಗ ಹಿಂಡಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ನಿಂತಿತ್ತು. ಸತ್ತವು ದಂಡೆಯುದ್ದಕ್ಕೂ ಬಿದ್ದಿದ್ದವು, ಮೈ ತೊಳೆದದ್ದಕ್ಕೆ ತುಪ್ಪಟ ಬೆಳ್ಳಗೆ ಆಗಿತ್ತು.

"ಟಗರು ಕುಡೀತವ್ವ" ಎಂದ ಅಣ್ಣ. "ಕುಡೀತು ಅಂತಲೇ ಬಿಟ್ಟಿದ್ದು."

"ತಲೆ ಎತ್ತಿತ್ತೇನೋ?"

"ಏನು?"

"ಕುಡ್ದು ತಲೆ ಎತ್ತಬೇಕು ಕಣೋ. ಒಂದೆಲ್ಡು ಗುಟುಕು ಕುಡ್ದು ತಲೆ ಎತ್ತಿ ಆ ಕಡೆ ಈ ಕಡೆ ನೋಡ್ತೈತೆ, ಅದು ನೀರು. ಎತ್ತದಂಗೆ ಕುಡಿದ್ರೆ ಅದ್ರಾಗೆ ಏನೋ ಐತೆ ಅಂತ. ನಿಮ್ಮಪ್ಪ ಅದನ್ನ ನೋಡ್ತಿದ್ದ. ಬರೀ ಕುಡಿಯಾದು ನೋಡಾಕೆ ಅವ್ನು ಬೇಕಿತ್ತಾ?"

ಅಣ್ಣ ಬಂಡೆಯ ಮೇಲೆ ಕುಂತುಬಿಟ್ಟ. ಅಪ್ಪ ನಮಗೆ ಹೊಡೆದ, ಹೊಡೆದು ಇಳಿಯಬೇಡ ಎಂದ. ತಾನು ಏನು ನೋಡುತ್ತಿದ್ದೇನೆ ಎಂದು ಮಾತ್ರ ಒಂದು ದಿನವೂ ಬಾಯಿ ಬಿಟ್ಟು ಹೇಳಲಿಲ್ಲ. ಹೊಡೆತ ನೆನಪಿತ್ತು, ಪಾಠ ಇರಲಿಲ್ಲ. ಸತ್ತ ಅಪ್ಪನ ಮೇಲೆ ನನಗೆ ಅವತ್ತು ಬಂದಷ್ಟು ಸಿಟ್ಟು ಬದುಕಿದ್ದಾಗ ಯಾವತ್ತೂ ಬಂದಿರಲಿಲ್ಲ.

ಮೊಬೈಲ್ ಹಿಡಿದು ನಿಂತಿದ್ದವರು ಅಷ್ಟರಲ್ಲಿ ಪೊಲೀಸರಿಗೆ ಫೋನ್ ಮಾಡಿ ಹೊರಟುಹೋಗಿದ್ದರು. ಪೊಲೀಸ್ ಜೀಪು ಬಂತು. ಇಳಿದ ಸಾಹೇಬರಿಗೆ ಅಣ್ಣನ ಮುಖದ ಪರಿಚಯ ಇತ್ತು. ಸತ್ತ ಕುರಿ ನೋಡಿದರು, ಯಜಮಾನನ ಹಣೆ ನೋಡಿದರು, ಅಣ್ಣನ ಮುಷ್ಟಿ ನೋಡಿದರು. ಅವ್ವ ನನ್ನ ತೋಳು ಗಟ್ಟಿಯಾಗಿ ಹಿಡಿದಳು, ಉಗುರು ಊರಿತು.

"ಯಜಮಾನ್ರೆ, ಯಾರು ಹೊಡೆದಿದ್ದು ನಿಮಗೆ?"

ಯಜಮಾನ ಟವೆಲಿನಿಂದ ಹಣೆ ಒತ್ತಿಕೊಂಡಿದ್ದ. ಒಂದೇ ಕಣ್ಣಿನಲ್ಲಿ ಅಣ್ಣನನ್ನು ನೋಡಿದ. ಆಮೇಲೆ ದಂಡೆಯ ಮೇಲೆ ಬಿದ್ದಿದ್ದ ಟಗರನ್ನು ನೋಡಿದ.

"ಯಾರೂ ಹೊಡ್ದಿಲ್ಲ ಸಾರ್. ಆ ಟಗರು ಗುದ್ದಿತು. ಹೊಟ್ಟೆನೋವಿಗೆ ಹುಚ್ಚು ಹಿಡ್ದಂಗೆ ಓಡ್ತಿತ್ತು, ಅಡ್ಡ ಹೋದೆ, ಗುದ್ದಿತು."

ನನಗೆ ಉಸಿರು ಬಂತು. ದೇವರಂಥ ಮನುಷ್ಯ ಎನ್ನಿಸಿತು, ಕಾಲಿಗೆ ಬೀಳೋಣ ಎನ್ನಿಸಿತು. ಅವ್ವನ ಹಿಡಿತ ಸಡಿಲವಾಯಿತು. ಸಾಹೇಬರಿಗೂ ಅದೇ ಬೇಕಾಗಿತ್ತೋ ಏನೋ, ಟೋಪಿ ತೆಗೆದು ಬೆವರು ಒರೆಸಿಕೊಂಡು, "ಸರಿ ಹಾಗಾದ್ರೆ, ಕುರಿದು ಒಂದು ಅರ್ಜಿ ಕೊಡಿ" ಎಂದು ತಿರುಗಿದರು.

"ಸಾರ್" ಎಂದ ಅಣ್ಣ.

ನಾನು ಅವನ ಬಾಯಿ ಮುಚ್ಚಲು ಹೋದೆ. ಅವನು ನನ್ನ ಕೈಯನ್ನು ಮೆತ್ತಗೆ ಪಕ್ಕಕ್ಕೆ ಸರಿಸಿದ. ಅಷ್ಟು ಮೆತ್ತಗೆ ಅವನು ಯಾರನ್ನೂ ಮುಟ್ಟಿದ್ದು ನಾನು ಕಂಡಿಲ್ಲ.

"ಟಗರು ಯಾರಿಗೂ ಗುದ್ದಿಲ್ಲ ಸಾರ್. ಅದು ಹುಟ್ಟಿದಾಗಿಂದ ಒಂದು ಮಗೂಗೂ ಗುದ್ದಿದ್ದಲ್ಲ. ಸತ್ತೈತೆ ಅಂತ ಅದ್ರ ಮ್ಯಾಲೆ ಸುಳ್ಳು ಹೇಳಬ್ಯಾಡ್ರಿ. ಹೊಡ್ದಿದ್ದು ನಾನು. ಮಚ್ಚೂ ಎತ್ತಿದ್ದೆ, ಈಕೆ ಕಚ್ಚಿ ಬಿಡಿಸಿದ್ಲು. ಬರ್ಕಳ್ರಿ."

"ಅಯ್ಯೋ ಪಾಪಿ, ನಿನ್ನ ಬಾಯಿಗೆ ಮಣ್ಣು ಹಾಕ!" ಎಂದು ನಾನು ಕಿರುಚಿದೆ. ಬೆನ್ನಿಗೆ ಗುದ್ದಿದೆ. ಅವನು ಗುದ್ದಿಸಿಕೊಂಡ. ಯಜಮಾನ, "ಇಲ್ಲ ಸಾರ್, ಅವನಿಗೆ ತಲೆ ಸರಿ ಇಲ್ಲ ಈಗ" ಎನ್ನುತ್ತಲೇ ಇದ್ದ. ಅವ್ವ ಸೆರಗಿನಿಂದ ಅಣ್ಣನ ಮೂಗಿನ ಕೆಳಗೆ ಒಣಗಿದ್ದ ರಕ್ತ ಒರೆಸಿದಳು.

ಜೀಪಿನ ಮೆಟ್ಟಿಲ ಮೇಲೆ ಕಾಲಿಟ್ಟವನು ನನ್ನ ಕಡೆ ತಿರುಗಿದ.

"ಉಳ್ದಿರೋವು ಬಾಯಾರಿರ್ತಾವೆ. ಶಾಲೆ ಹತ್ರದ ಬೋರಿನ ತೊಟ್ಟಿಗೆ ಹೊಡ್ಕೊಂಡು ಹೋಗು. ಮೊದ್ಲು ನೀನು ಕುಡಿ. ಕುಡ್ದು ಸ್ವಲ್ಪ ಹೊತ್ತು ಕುಂತ್ಕಂಡು ನೋಡು. ಆಮ್ಯಾಲೆ ಅವಕ್ಕೆ ಬಿಡು."

ಜೀಪು ಹೋಯಿತು. ನಾನೂ ಮಗಳೂ ಉಳಿದ ಕುರಿಗಳನ್ನು ಶಾಲೆಯ ಹತ್ತಿರ ಹೊಡೆದುಕೊಂಡು ಹೋದೆವು. ಅವು ನೀರಿನ ವಾಸನೆಗೆ ನುಗ್ಗಿದವು. ಮಗಳು ಕೋಲು ಅಡ್ಡ ಹಿಡಿದು ತಡೆದಳು. ನಾನು ತೊಟ್ಟಿಗೆ ಬಗ್ಗಿ ಬೊಗಸೆ ತುಂಬ ಕುಡಿದೆ, ಮತ್ತೊಂದು ಬೊಗಸೆ ಕುಡಿದೆ, ಕಟ್ಟೆಯ ಮೇಲೆ ಕುಂತೆ. ಕುರಿಗಳು ಬಾಯಿ ಬಿಟ್ಟುಕೊಂಡು ಅರಚುತ್ತಿದ್ದವು. ನನಗೆ ಏನೂ ಆಗಲಿಲ್ಲ. "ಬಿಡ್ಲಾ ಅಮ್ಮ?" ಎಂದು ಮಗಳು ಕೇಳಿದಳು. ಮತ್ತೆ ಕೇಳಿದಳು. ಬಿಡು ಎನ್ನಲು ನನಗೆ ಬಾಯಿ ಬರಲಿಲ್ಲ.